ನಾ ಹರಕತ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ತರಕಾರಿ ಪೇಟೆಯ ಬೆನ್ನಿಗೆ ಹತ್ತಿಕೊಂಡ ಸಣ್ಣ ಅಂಗಡಿಯಲ್ಲಿ ಗುರುಪಾದಪ್ಪ ಕುಪ್ಪಸದ ಖಣ ಮಾರುತ್ತಿದ್ದ. ಗುಳೇದಗುಡ್ಡದಿಂದ ಖಣ ಬರುತ್ತಿತ್ತು, ಇಳಕಲ್ಲಿನಿಂದ ಸೀರೆ ಬರುತ್ತಿತ್ತು, ಕೊಳ್ಳಲು ಮರಾಠಿ ಹೆಂಗಸರು ಬರುತ್ತಿದ್ದರು. ಹದಿನೆಂಟು ವರ್ಷ ಹೀಗೆ ಮಾರಿದ ಮೇಲೆ ಅವನಿಗೆ ತಾನು ಮರಾಠಿ ಪಂಡಿತ ಎಂಬ ನಂಬಿಕೆ ಬಂದುಬಿಟ್ಟಿತು. ನಂಬಿಕೆ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. ಬದನೆಕಾಯಿ ಬಣ್ಣಕ್ಕೂ ನೇರಳೆ ಬಣ್ಣಕ್ಕೂ ಮರಾಠಿಯಲ್ಲಿ ಬೇರೆ ಬೇರೆ ಹೆಸರು ಅವನಿಗೆ ಗೊತ್ತಿತ್ತು. ಮುನಿದ ಗಿರಾಕಿಯನ್ನು ಮೆಟ್ಟಿಲಿಳಿಯುವ ಮೊದಲು ವಾಪಸು ಕರೆಯುವ ಮರಾಠಿಯೂ ಬರುತ್ತಿತ್ತು. ಇಷ್ಟರ ಧೈರ್ಯದ ಮೇಲೆ ಅವನು ತನ್ನ ಬಿಲ್ಡಿಂಗಿನಲ್ಲೇ ಇದ್ದ ನಿವೃತ್ತ ಮರಾಠಿ ಶಿಕ್ಷಕ ದಾಮ್ಲೆ ಮಾಸ್ತರರ ಮಾತನ್ನೂ ಆಗಾಗ ತಿದ್ದುತ್ತಿದ್ದ. ಮಾಸ್ತರರು ಸಜ್ಜನರು. ತಿದ್ದಿಸಿಕೊಳ್ಳುತ್ತಿದ್ದರು. ಖಣದ ಆಚೆಗೆ ಮರಾಠಿ ಎಷ್ಟು ದೂರ ಹಬ್ಬಿದೆಯೆಂದು ಅಳೆದು ನೋಡುವ ಪ್ರಸಂಗ 1984ರವರೆಗೆ ಬಂದಿರಲಿಲ್ಲ.

ಅವನ ಮನೆ ಇದ್ದದ್ದು ನವಜೀವನ ವಸಾಹತಿನ ನಾಲ್ಕನೇ ಬಿಲ್ಡಿಂಗಿನ ತಳಮಹಡಿಯಲ್ಲಿ. ವಸಾಹತು ಸರಕಾರಿ ಬೋರ್ಡಿನದು. ಒಳಗಿದ್ದವರೆಲ್ಲ ಬಾಡಿಗೆದಾರರು. ಕಟ್ಟಿದ ಕಂತ್ರಾಟದಾರ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉಪ್ಪು ಮರಳನ್ನು ತೊಳೆಯದೆ ಕಲಸಿದ್ದ. ಉಪ್ಪು ಒಳಗಿನ ಕಬ್ಬಿಣವನ್ನು ತಿಂದಿತು, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸಿಮೆಂಟನ್ನು ಹೊರಗೆ ನೂಕಿತು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ವಸಾಹತಿನ ಜನ ಮಳೆಗಾಲದಲ್ಲೂ ಬೇಸಗೆಯಲ್ಲೂ ಮೆಟ್ಟಿಲೇರುವಾಗ ಕೊಡೆ ಬಿಚ್ಚುತ್ತಿದ್ದರು. ಮಳೆಗಾಲದ ಕೊಡೆ ನೀರಿಗೆ, ಬೇಸಗೆಯದು ಪ್ಲಾಸ್ಟರಿಗೆ.

ಎರಡನೇ ಮಹಡಿಯಲ್ಲಿ ಪುಂಡರೀಕಾಕ್ಷ ರಾಯರಿದ್ದರು. ಉಡುಪಿ ಕಡೆಯವರು, ಸ್ಟೇಷನ್ ಎದುರು ಹೋಟೆಲು. ಅಷ್ಟುದ್ದದ ಹೆಸರನ್ನು ಲೋಕಲ್ ಟ್ರೇನಿನ ಅವಸರದಲ್ಲಿ ಹೇಳಲಾಗದೆ ಊರು ಅವರನ್ನು ಪುಂಡರಾಯ ಎಂದೇ ಕರೆಯುತ್ತಿತ್ತು. ಅಷ್ಟು ಮೆತ್ತಗಿನ ಮನುಷ್ಯನಿಗೆ ಅಂಥ ಹೆಸರು ಬಿದ್ದದ್ದು ವಸಾಹತಿನ ಮೊದಲನೆಯ ಅನ್ಯಾಯ. ಎರಡನೆಯದು ಆ ವರ್ಷದ ಜೂನ್‌ನಲ್ಲಿ ನಡೆಯಿತು: ಅವರ ಹೆಂಡತಿ ಸತ್ಯಭಾಮಾ ಅರೆದಿಟ್ಟ ಉದ್ದಿನ ಹಿಟ್ಟಿನ ಪಾತ್ರೆಗೆ ಮಾಡಿನಿಂದ ಮೊರದಗಲದ ಗಾರೆ ಬಿತ್ತು.

ಇದಾದ ತಿಂಗಳಿಗೆ ಬೋರ್ಡಿನಿಂದ ನೋಟೀಸು ಬಂತು. ದುರಸ್ತಿಗೆ ಬೋರ್ಡಿನ ಬೊಕ್ಕಸದಲ್ಲಿ ಹಣವಿಲ್ಲ. ಆದ್ದರಿಂದ ನಾಲ್ಕನೇ ಬಿಲ್ಡಿಂಗಿನ ಮುಂದಿನ ಬಯಲನ್ನು ಒಬ್ಬ ಬಿಲ್ಡರನಿಗೆ ತೊಂಬತ್ತೊಂಬತ್ತು ವರ್ಷ ಲೀಸಿಗೆ ಕೊಡುವುದು, ಬಂದ ಹಣದಲ್ಲಿ ಎಲ್ಲ ಬಿಲ್ಡಿಂಗುಗಳನ್ನು ರಿಪೇರಿ ಮಾಡುವುದು. ಬಯಲಿನಲ್ಲಿ ಏಳು ಮಾಳಿಗೆಯ ಕಟ್ಟಡ ಏಳುತ್ತದೆ.

ಗುರುಪಾದಪ್ಪನ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದು ಆ ಬಯಲಿಗೇ ತೆರೆಯುತ್ತಿತ್ತು. ಕಿಟಕಿಯ ಕೆಳಗೆ ಅವನ ಹೆಂಡತಿ ಗಿರಿಜವ್ವನ ಹೊಲಿಗೆ ಮಷೀನು. ಅಂಗಡಿಯಲ್ಲಿ ಮಾರಿದ ಖಣ ಮನೆಯಲ್ಲಿ ಕುಪ್ಪಸವಾಗುತ್ತಿತ್ತು. ಅವಳ ಕಣ್ಣು ಮಂಜಾಗುತ್ತ ಬಂದಿತ್ತು, ಬಲ್ಬಿನ ಬೆಳಕಿನಲ್ಲಿ ಕಪ್ಪು ದಾರ ಯಾವುದು, ನೇರಳೆ ಯಾವುದು ತಿಳಿಯುತ್ತಿರಲಿಲ್ಲ. ಹಗಲಿನ ಬೆಳಕಿದ್ದರೆ ಮಾತ್ರ ಕೆಲಸ.

“ಆ ಗ್ವಾಡಿ ಎದ್ದರ ನಾ ಕುಂತು ಏನ ಮಾಡ್ಲಿ? ಕತ್ತಲ್ಯಾಗ ಕುಪ್ಪಸ ಹೊಲದ್ರ ತೋಳು ಬೆನ್ನಿಗೆ ಹೋಗ್ತಾವು,” ಎಂದಳು ಗಿರಿಜವ್ವ.

“ಏಳಾಕ ಬಿಡೂದಿಲ್ಲ ತಗೊ,” ಎಂದ ಗುರುಪಾದಪ್ಪ. “ಮರಾಠಿ ಬರೂ ಗಂಡಸು ಈ ಬಿಲ್ಡಿಂಗಿನ್ಯಾಗ ಒಬ್ಬ ಅದಾನ.”

“ಯಾರು, ದಾಮ್ಲೆ ಮಾಸ್ತರರಾ?”

ಗುರುಪಾದಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಬೋರ್ಡಿನ ಅಧಿಕಾರಿ ಪಾಟಣಕರ ಸಾಹೇಬರು ಕಲ್ಯಾಣದಿಂದ ಬಂದು ಬಯಲಿನಲ್ಲೇ ಸಭೆ ಮಾಡಿದರು. ಅವರು ಬಾಯಿ ತೆರೆಯುವ ಮೊದಲೇ ಗುರುಪಾದಪ್ಪ ಎದ್ದು ಮರಾಠಿಯಲ್ಲಿ ಭಾಷಣ ಸುರುಮಾಡಿದ. ಬಯಲು ಎಂದರೆ ಸೀರೆಯ ಸೆರಗಿದ್ದಂತೆ, ಸೆರಗು ಕತ್ತರಿಸಿ ಸೀರೆಗೆ ತೇಪೆ ಹಚ್ಚುವವರನ್ನು ಜನ ಏನೆನ್ನುತ್ತಾರೆ ಎಂದು ಕೇಳಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಭಾಷಣ ಮುಗಿಯುವ ಲಕ್ಷಣ ಕಾಣದೆ ಪಾಟಣಕರ ಸಾಹೇಬರು ಮುಂದಿನ ಸಾಲಿನ ಮರಾಠಿಯವರಿಗೆ ಮಾತ್ರ ಕೇಳುವಂತೆ ಮೆಲ್ಲಗೆ ವಿಷಯ ತಿಳಿಸಿದರು: ಲೀಸಿಗೆ ಒಪ್ಪುವವರು ಈ ಪತ್ರಕ್ಕೆ ಸಹಿ ಮಾಡಿ ಕೊಡಿ, ಒಪ್ಪದವರು ಸುಮ್ಮನಿದ್ದರೆ ಸಾಕು. ಹೇಳಿ, ಪತ್ರಗಳ ಕಟ್ಟನ್ನು ಕುರ್ಚಿಯ ಮೇಲಿಟ್ಟು ಐದೂವರೆಯ ಗಾಡಿಗೆ ಹೋದರು. ಭಾಷಣ ಮಾಡುತ್ತಿದ್ದವನಿಗೆ ಇದು ಕೇಳಿಸಲಿಲ್ಲ. ಭಾಷಣ ಮಾಡುವವರಿಗೆ ಯಾವ ಕಾಲದಲ್ಲೂ ಏನೂ ಕೇಳಿಸಿದ್ದಿಲ್ಲ.

ಮರುದಿನ ಬೆಳಿಗ್ಗೆ ರಾಯರ ಹೋಟೆಲಿನಲ್ಲಿ ಆ ಪತ್ರ ಚಹಾದ ಬಟ್ಟಲುಗಳ ನಡುವೆ ಬಿದ್ದಿತ್ತು. ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನಾ ಹರಕತ ಪತ್ರ. ಕೆಳಗಿನದೆಲ್ಲ ಇರುವೆಯಂಥ ಸರಕಾರಿ ಮರಾಠಿ.

ರಾಯರು ಹೇಳಿದರು: “ನೋಡಿ ಗುರುಪಾದಪ್ಪನವರೆ, ಬೇಜಾರು ಮಾಡ್ಬೇಡಿ. ನಿಮ್ಮ ಕಿಟಕಿ ಹೋಗ್ತದೆ, ಒಪ್ಪಿದೆ. ನಮ್ಮದು ತಲೆ ಹೋಗ್ತದೆ ಮಾರಾಯ್ರೆ. ನಾನು ಲೀಸಿಗೆ ಹೂಂ ಅಂತೇನೆ.”

“ಅನ್ರಿ. ಆದ್ರ ಮೊದ್ಲ ರಿಪೇರಿ ಆಗ್ಬೇಕೊ, ಮೊದ್ಲ ಏಳು ಮಾಳಿಗಿ ಆಗ್ಬೇಕೊ?”

“ಮೊದ್ಲು ರಿಪೇರಿ ಮತ್ತೆ.”

“ಬೋರ್ಡು ಹಂಗಂತ ಎಲ್ಲಿ ಬರದೈತಿ? ಬಿಲ್ಡರ್ ತನ್ನ ಮನಿ ಕಟ್ಟಿ ಮಾರಿ ಹೊಕ್ಕಾನು, ನೀವು ಕೊಡಿ ಹಿಡಕೊಂಡು ನಿಂತೀರಿ. ಎಲ್ಲಾರೂ ಕೂಡಿ ತಕರಾರು ಹಾಕೂಣು. ಬೋರ್ಡು ತಾನ ಮಾತಿಗೆ ಬರತೈತಿ. ಆಗ ನಿಮ್ಮ ರಿಪೇರಿ, ನಮ್ಮ ಕಿಟಕಿ, ಎರಡೂ ಇಟ್ಟು ಮಾತಾಡೂಣು.”

ಈ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುರುಪಾದಪ್ಪ ಆ ವರ್ಷ ಆಡಿದ ಮಾತುಗಳಲ್ಲೆಲ್ಲ ಇದೊಂದೇ ಸರಿಯಾದದ್ದು. ರಾಯರು ಒಪ್ಪಿದರು.

“ಆಯ್ತು. ತಕರಾರು ಹಾಕುದು ಎಲ್ಲಿ?”

“ಇಲ್ಲೇ ಐತೆಲ್ಲ. ಓದ್ರಿ. ನಾ ಹರಕತ.”

“ಅಂದ್ರೆ?”

“ಹರಕತ್ ಅಂದ್ರ ತಕರಾರು. ನಮ್ಮ ಕಡೆನೂ ಅಂತೀವಿ, ಏನೂ ಹರಕತ್ ಇಲ್ಲ ಅಂತ. ನಾ ಅಂದ್ರ ನಾ. ನಾ ಬರತೀನಿ, ನಾ ಹೋಗತೀನಿ, ನಾ ಹರಕತ್. ನಂದು ತಕರಾರು ಐತಿ ಅಂತ.”

ರಾಯರು ಬಟ್ಟಲು ಕೆಳಗಿಟ್ಟರು. “ಮರಾಠಿಯಲ್ಲಿ ನಾನು ಅನ್ಲಿಕ್ಕೆ ‘ಮೀ’ ಅಂತಾರಲ್ವಾ?”

“ಅದು ಬಾಯಿಮಾತು. ಬರಹಕ್ಕ ನಾ. ಹಳೇ ಮರಾಠಿ. ಅವರನ್ನ ಆಳಿದ ರಾಜರು ಎಲ್ಲಿಯವರು? ನಮ್ಮ ಬದಾಮಿಯವರು. ಹೋಗೂಮುಂದ ನಾ ಬಿಟ್ಟು ಹೋದ್ರು.”

“ಹಾಗಾದ್ರೂ ‘ನಾನು ತಕರಾರು’ ಅಂತ ಒಂದು ವಾಕ್ಯ ಉಂಟಾ? ಕ್ರಿಯಾಪದವೇ ಇಲ್ಲ.”

“ಸರಕಾರದ ಭಾಷಾ ಹಂಗ ಇರತೈತ್ರಿ ರಾಯರ. ಬೊಕ್ಕಸದಾಗ ಸಿಮೆಂಟಿಗೆ ರೊಕ್ಕ ಇಲ್ಲ, ಕ್ರಿಯಾಪದಕ್ಕ ಎಲ್ಲಿಂದ ತರ್ತಾರ?”

ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಯಾರು ತಾನೇ ನಂಬದಿರುತ್ತಾರೆ. ನಿಜ ಸಂಗತಿ ಇಷ್ಟು: ಸರಕಾರಿ ಮರಾಠಿಯ ‘ನಾ’ ಎಂದರೆ ‘ಇಲ್ಲ’. ನಾ ಹರಕತ ಎಂದರೆ ತಕರಾರಿಲ್ಲ, ಒಪ್ಪಿಗೆ ಇದೆ. ಡೊಂಬಿವಲಿಯಲ್ಲಿ ದೊಡ್ಡವರಾದ ಕನ್ನಡಿಗರ ಮಕ್ಕಳಿಗೆಲ್ಲ ಇದು ಗೊತ್ತಿತ್ತು. ಆ ಮಕ್ಕಳನ್ನು ಕೇಳುವ ರೂಢಿ ಇರಲಿಲ್ಲ.

ಗುರುಪಾದಪ್ಪ ಎಲ್ಲರಿಗಿಂತ ಮೊದಲು ತನ್ನ ಪತ್ರಕ್ಕೆ ಸಹಿ ಹಾಕಿದ. ಸಹಿಯ ಕೆಳಗೆ ಎರಡು ಗೆರೆ ಎಳೆದ. ರಾಯರು ಸಹಿ ಹಾಕಿದರು, ಕನ್ನಡದ ಮನೆಗಳೆಲ್ಲ ಸಹಿ ಹಾಕಿದವು. ಆಮೇಲೆ ಅವನು ಕಟ್ಟು ಹಿಡಿದು ಮರಾಠಿ ಮನೆಗಳ ಬಾಗಿಲು ಬಡಿದ. ಮೊದಲ ಬಾಗಿಲು ದಾಮ್ಲೆ ಮಾಸ್ತರರದು. ಮಾಸ್ತರರು ಕನ್ನಡಕ ಹಾಕಿಕೊಂಡು ಪತ್ರ ಓದಿದರು, ಕನ್ನಡಕ ತೆಗೆದು ಗುರುಪಾದಪ್ಪನ ಮುಖ ನೋಡಿದರು. ಇಬ್ಬರ ಮಾತೂ ಮರಾಠಿಯಲ್ಲೇ ನಡೆಯಿತು.

“ಅಪ್ಪಾ, ವಿಚಾರ ಮಾಡಿಯೇ ಸಹಿ ಹಾಕಿದಿರಾ?”

“ಪೂರಾ ವಿಚಾರ ಮಾಡಿದ್ದೇನೆ.”

“ಮೊನ್ನೆ ಸಭೆಯಲ್ಲಿ ಅಷ್ಟು ಜೋರಾಗಿ ಮಾತಾಡಿದಿರಿ.”

“ಅದಕ್ಕೇ ಸಹಿ. ಬರೀ ಮಾತಾಡಿದರೆ ಆಯಿತೇ? ಕಾಗದದ ಮೇಲೆ ಬರಬೇಕು.”

“ಹಾಗಾದರೆ ನಾವೆಲ್ಲ ಹಾಕುವುದು ಒಳ್ಳೆಯದು ಎನ್ನುತ್ತೀರಿ.”

“ಒಬ್ಬರೂ ಬಿಡಬಾರದು ಮಾಸ್ತರ. ಒಗ್ಗಟ್ಟು ಕಾಣಬೇಕು.”

ಮಾಸ್ತರರು ಲೋಕ ಕಂಡವರು. ಎದ್ದು ನಿಂತು ವಿರೋಧಿಸಿದವನು ಕುಳಿತು ಒಪ್ಪಿಗೆ ಕೊಟ್ಟನೆಂದರೆ ನಡುವೆ ಅವನಿಗೆ ಏನೋ ಸಿಕ್ಕಿದೆ ಎಂದು ಅರ್ಥ. ಹೊಸ ಕಟ್ಟಡದ ತಳದಲ್ಲಿ ರಸ್ತೆಗೆ ಮುಖ ಮಾಡಿದ ಅಂಗಡಿ ಸಿಕ್ಕಿರಬೇಕು ಎಂದು ಅವರು ಊಹಿಸಿದರು. ಊಹೆ ಸಂಜೆಯೊಳಗೆ ನಳದ ಕಟ್ಟೆ ತಲುಪಿತು, ತಲುಪುವಾಗ ಊಹೆಯಾಗಿ ಉಳಿದಿರಲಿಲ್ಲ. ಇಷ್ಟು ಚತುರ ಮನುಷ್ಯನೇ ಒಪ್ಪಿದ ಮೇಲೆ ತಾವು ಬಿಟ್ಟರೆ ತಮಗೇ ನಷ್ಟವೆಂದು ಮರಾಠಿ ಮನೆಗಳೂ ಸಾಲಾಗಿ ಸಹಿ ಹಾಕಿದವು. ಕೆಲವರು ಅವನ ಕೈಕುಲುಕಿ, “ನಮ್ಮನ್ನು ಮರೆಯಬೇಡಿ,” ಎಂದರು. ಹೋರಾಟಗಾರನಿಗೆ ಜನ ತೋರಿಸುವ ಪ್ರೀತಿ ಇದು ಎಂದು ಗುರುಪಾದಪ್ಪನ ಕಣ್ಣಲ್ಲಿ ನೀರು ಬಂತು.

ನಳದಿಂದ ಕೊಡ ಹೊತ್ತು ಬಂದ ಗಿರಿಜವ್ವ ಕೇಳಿದಳು: “ಏನ್ರಿ, ನಮಗ ಹೊಸಾ ದುಕಾನ ಸಿಕ್ತಂತ?”

“ಯಾರಂದ್ರು?”

“ಎಲ್ಲಾರೂ ಅಂತಾರ. ನನಗೊಬ್ಬಾಕಿಗೇ ಗೊತ್ತಿಲ್ಲಂತ ನಗತಾರ.”

“ಹೋರಾಟಕ್ಕ ಇಳದವರ ಮ್ಯಾಲೆ ಅಪವಾದ ಬರೂದ. ನೀ ತಲಿ ಕೆಡಿಸಿಕೋಬ್ಯಾಡ.”

“ದುಕಾನ ಸಿಕ್ಕಿದ್ರ ಬೇಕಾಗಿತ್ತು ಬಿಡ್ರಿ,” ಎಂದು ಅವಳು ಕೊಡ ಇಳಿಸಿದಳು.

ಕಟ್ಟನ್ನು ಒಪ್ಪಿಸಲು ಗುರುಪಾದಪ್ಪ ರಾಯರೊಡನೆ ಕಲ್ಯಾಣಕ್ಕೆ ಹೋದ. ಪಾಟಣಕರ ಸಾಹೇಬರು ಪತ್ರಗಳನ್ನು ಒಂದೊಂದಾಗಿ ತಿರುವಿದರು. ಒಂದು ಮನೆಯೂ ಬಿಟ್ಟುಹೋಗಿರಲಿಲ್ಲ. ಅವರು ಎದ್ದು ನಿಂತರು, ಫ್ಯಾನು ತಾವೇ ಜೋರು ಮಾಡಿದರು, ಚಹಾ ತರಿಸಿದರು. ಠಾಣೆಯಿಂದ ಟಿಟ್ವಾಳಾದವರೆಗೆ ಯಾವ ವಸಾಹತಿನಲ್ಲೂ ಇಂಥ ಜನರನ್ನು ಕಂಡಿಲ್ಲವೆಂದರು. ಬೋರ್ಡು ಹೆದರಿದೆ ಎಂದು ಗುರುಪಾದಪ್ಪ ರಾಯರಿಗೆ ಕಣ್ಣು ಹೊಡೆದ.

ಆಮೇಲೆ ಸಾಹೇಬರು ಪೆನ್ನು ಬಿಚ್ಚಿ ಕೇಳಿದರು: “ಕಾಹೀ ಅಟ?”

ಆ ಹೊತ್ತಿಗೆ ಹೊರಗೆ ಗೂಡ್ಸು ಗಾಡಿಯೊಂದು ಹೋಗುತ್ತಿತ್ತು. ಮರಾಠಿಯಲ್ಲಿ ಅಟ ಎಂದರೆ ಷರತ್ತು, ಸಾಹೇಬರು ಕೇಳಿದ್ದು ಏನಾದರೂ ಷರತ್ತು ಇದೆಯೇ ಎಂದು. ಗುರುಪಾದಪ್ಪನ ಕಿವಿಗೆ ಬಿದ್ದದ್ದು ಹಟ. ಗೆದ್ದವನು ಹಟಮಾರಿಯಂತೆ ಕಾಣಬಾರದು, ದೊಡ್ಡಸ್ತಿಕೆ ತೋರಿಸಬೇಕು ಎಂದು ಅವನಿಗೆ ಅನಿಸಿತು.

“ನಾಹೀ ಸಾಹೇಬ, ನಮ್ಮದೇನೂ ಹಟವಿಲ್ಲ,” ಎಂದ ಮರಾಠಿಯಲ್ಲಿ. “ನೀವು ಹೇಗೆ ಮಾಡುತ್ತೀರೋ ಹಾಗೆ.”

ಸಾಹೇಬರು ಕಟ್ಟಿನ ಮೇಲೆ ಬರೆದುಕೊಂಡರು: ನಿವಾಸಿಗಳ ಷರತ್ತು ಏನೂ ಇಲ್ಲ.

ಗಾಡಿ ಠಾಕುರ್ಲಿ ದಾಟುವಾಗ ರಾಯರು ಕೇಳಿದರು: “ಅಲ್ಲ, ರಿಪೇರಿ ವಿಷಯ ಎಂತದ್ದೂ ಮಾತಾಡ್ಲಿಲ್ಲ ನೀವು?”

“ಈಗ ಬೆದರ್ಯಾರ. ಬೆದರಿದವರ ಕೂಡ ಎರಡನೇ ಸಲ ಮಾತಾಡ್ಬೇಕು.”

ದೀಪಾವಳಿ ಕಳೆದ ಸೋಮವಾರ ಬಯಲಿಗೆ ಲಾರಿ ಬಂತು. ಬಿದಿರು ಇಳಿಯಿತು, ತಗಡು ಇಳಿಯಿತು. ಗುರುಪಾದಪ್ಪ ಬಾಯಲ್ಲಿದ್ದ ಹಲ್ಲುಪುಡಿಯ ಸಮೇತ ಓಡಿಹೋಗಿ ಲಾರಿಗೆ ಅಡ್ಡ ನಿಂತ. ಬಿಲ್ಡರನ ಸೂಪರ್‌ವೈಸರು ವಸಂತಕುಮಾರ, ಠಾಣೆಯಲ್ಲಿ ಹುಟ್ಟಿದ ಬಳ್ಳಾರಿ ಕಡೆಯ ಹುಡುಗ. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ನಾವು ತಕರಾರು ಕೊಟ್ಟೀವಿ. ಇಡೀ ವಸಾಹತು ಕೊಟ್ಟೈತಿ,” ಎಂದ ಗುರುಪಾದಪ್ಪ.

ವಸಂತಕುಮಾರ ಚೀಲದಿಂದ ಪತ್ರ ತೆಗೆದು ಸಹಿಯ ಕೆಳಗಿನ ಎರಡು ಗೆರೆ ತೋರಿಸಿದ. “ಅಂಕಲ್, ಯೇ ಆಪ್ ಕಾ ಸೈನ್ ಹೈ ನಾ? ದೋ ಲಾಯಿನ್ ವಾಲಾ?”

“ನಂದ.”

“ಥ್ಯಾಂಕ್ಯೂ ಅಂಕಲ್. ಸೇಠ್ ಬಹುತ್ ಖುಷ್ ಹೈ.”

ಗದ್ದಲಕ್ಕೆ ಜನ ಸೇರಿದರು. ದಾಮ್ಲೆ ಮಾಸ್ತರರೂ ಬಂದರು. ಗುರುಪಾದಪ್ಪ ಪತ್ರದ ತಲೆಯ ಮೇಲೆ ಬೆರಳಿಟ್ಟು, ನಾ ಎಂದರೆ ನಾನು ಎಂದು ಬಿಡಿಸಿ ಹೇಳಿದ. ಮಾಸ್ತರರು ಕನ್ನಡಕ ಒರೆಸಿಕೊಂಡರು. ಆಮೇಲೆ ಎರಡೇ ವಾಕ್ಯದಲ್ಲಿ ವ್ಯಾಕರಣ ತಿಳಿಸಿದರು. ಹಲ್ಲುಪುಡಿಯ ನೊರೆ ಗುರುಪಾದಪ್ಪನ ಗದ್ದಕ್ಕೆ ಇಳಿದು ಒಣಗಿತು.

ರಾಯರು ಅವನನ್ನು ಪಕ್ಕಕ್ಕೆ ಕರೆದರು. “ನಾನು ಮೊದ್ಲು ಬೇಕು ಅಂದೆ. ನೀವು ಬೇಡ ಅನ್ಸಿದ್ರಿ. ಬೇಡ ಅಂತ ಹಾಕಿದ ಸಹಿ ಬೇಕು ಅಂತ ಆಯ್ತು. ಈಗ ನಾನು ಖುಷಿ ಪಡ್ಬೇಕಾ, ಬೇಜಾರು ಪಡ್ಬೇಕಾ? ಅದನ್ನೂ ನೀವೇ ಹೇಳಿ.”

“ಖುಷಿ ಪಡ್ರಿ ರಾಯರ. ರಿಪೇರಿನರ ಆಗತೈತೆಲ್ಲ.”

ರಿಪೇರಿ ಯಾವಾಗ ಎಂದು ಕೇಳಿದ್ದಕ್ಕೆ ವಸಂತಕುಮಾರ ಇನ್ನೊಂದು ಕಾಗದ ತೆಗೆದ. ಹೊಸ ಮನೆಗಳು ಮಾರಾಟವಾದ ಮೇಲೆ ಬಿಲ್ಡರ್ ಬೋರ್ಡಿಗೆ ಲೀಸಿನ ಹಣ ಕಟ್ಟುತ್ತಾನೆ. ಕಟ್ಟಿದ ಮೇಲೆ ಬೋರ್ಡು ಟೆಂಡರು ಕರೆಯುತ್ತದೆ. ಮೊದಲು ರಿಪೇರಿ ಆಗಲಿ ಎಂದು ಷರತ್ತು ಹಾಕುವ ಹಕ್ಕು ನಿವಾಸಿಗಳಿಗೆ ಇತ್ತು, ಅವರು ಹಾಕಲಿಲ್ಲ. ರಾಯರು ಕಾಗದವನ್ನು ಮಡಚಿ ವಾಪಸು ಕೊಟ್ಟರು. ಹೋಟೆಲಿಗೆ ಹೊತ್ತಾಯಿತೆಂದು ಹೊರಟುಹೋದರು.

ಗುರುಪಾದಪ್ಪ ಅಂಗಡಿ ಮುಚ್ಚಿ ಕಲ್ಯಾಣಕ್ಕೆ ಓಡಿದ. ಸಹಿ ರದ್ದು ಮಾಡಬೇಕು, ತನಗೆ ಮರಾಠಿ ಬರುವುದಿಲ್ಲ ಎಂದು ಪಾಟಣಕರ ಸಾಹೇಬರ ಮುಂದೆ ಕೈಮುಗಿದ.

“ಬರುವುದೇ ಇಲ್ಲವೇ?” ಎಂದರು ಸಾಹೇಬರು.

“ಇಲ್ಲ ಸಾಹೇಬ. ಒಂದು ಅಕ್ಷರ ಬರುವುದಿಲ್ಲ. ನಮ್ಮ ಕಡೆ ಕಂಬಳಿಗೆ ಬಣ್ಣ ಹತ್ತುವುದಿಲ್ಲ ಅನ್ನುತ್ತಾರಲ್ಲ, ಹಾಗೆ ನನಗೆ ಮರಾಠಿ ಹತ್ತಲಿಲ್ಲ. ಹದಿನೆಂಟು ವರ್ಷ ನಿಮ್ಮ ಅಕ್ಕತಂಗಿಯರ ಮುಂದೆ ಸುಳ್ಳು ಮರಾಠಿ ಆಡಿ ಹೊಟ್ಟೆ ಹೊರೆದೆ.”

“ಇದನ್ನು ಯಾವ ಭಾಷೆಯಲ್ಲಿ ಹೇಳುತ್ತಿದ್ದೀರಿ?”

ಹೇಳುತ್ತಿದ್ದದ್ದು ಮರಾಠಿಯಲ್ಲಿ. ಗುರುಪಾದಪ್ಪನಿಗೆ ಅಷ್ಟು ಒಳ್ಳೆಯ ಮರಾಠಿ ಜೀವನದಲ್ಲಿ ಅದೊಂದೇ ಸಲ ಬಂದದ್ದು. ಪಕ್ಕದ ಮೇಜಿನ ಗುಮಾಸ್ತರು ಬರೆಯುವುದು ನಿಲ್ಲಿಸಿ ಕೇಳುತ್ತಿದ್ದರು, ಕಂಬಳಿಯ ಮಾತಿಗೆ ಒಬ್ಬರು ತಲೆದೂಗಿದರು.

ಸಾಹೇಬರು ಕೆಟ್ಟವರಲ್ಲ. ವಸಾಹತಿನ ಇಬ್ಬರು ಮರಾಠಿಯವರು ಇವರಿಗೆ ಮರಾಠಿ ತಿಳಿಯುವುದಿಲ್ಲ ಎಂದು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಿ ನೋಡುತ್ತೇನೆ ಎಂದರು. ಗುರುಪಾದಪ್ಪ ನೇರ ದಾಮ್ಲೆ ಮಾಸ್ತರರ ಮನೆಗೆ ಬಂದ.

ಮಾಸ್ತರರು ಹೇಳಿದರು: “ಅಪ್ಪಾ, ಇಷ್ಟು ವರ್ಷ ನೀವು ನನ್ನ ಮರಾಠಿ ತಿದ್ದಿದ್ದೀರಿ. ನಾನು ಹೇಗೆ ಬರೆದುಕೊಡಲಿ?”

“ಆಗ ನನಗ ಬುದ್ಧಿ ಇರಲಿಲ್ಲ ಅಂತ ಬರೀರಿ,” ಎಂದ ಗುರುಪಾದಪ್ಪ. ಅವಸರಕ್ಕೆ ಕನ್ನಡವೇ ಬಂದುಬಿಟ್ಟಿತ್ತು, ಮಾಸ್ತರರಿಗೆ ಅರ್ಥವಾಯಿತು.

“ನಾನು ಬರೆದರೂ ವಸಾಹತು ನಂಬುವುದಿಲ್ಲ. ನೀವು ಅಂಗಡಿಗಾಗಿ ನಮ್ಮನ್ನು ಮಾರಿದಿರಿ ಎಂದು ಎಲ್ಲರೂ ಹೇಳುತ್ತಾರೆ. ಬರೆದುಕೊಟ್ಟರೆ ನನಗೂ ಪಕ್ಕದ ಅಂಗಡಿ ಸಿಕ್ಕಿತು ಎನ್ನುತ್ತಾರೆ. ಒಂದು ತಿಳಿದುಕೊಳ್ಳಿ. ಲಫಂಗನೆಂದರೆ ಜನ ಸ್ವಲ್ಪ ಹೆದರಿಯಾದರೂ ಇರುತ್ತಾರೆ. ದಡ್ಡನೆಂದರೆ ನಿಮ್ಮ ಅಂಗಡಿಗೆ ಯಾರು ಬರುತ್ತಾರೆ?”

ಗುರುಪಾದಪ್ಪ ಹೊಸ್ತಿಲಲ್ಲಿ ನಿಂತೇ ಇದ್ದ. ಮಾಸ್ತರರ ಹೆಂಡತಿ ಒಳಗಿನಿಂದ ಬಂದು, ಗಾಳಿ ಬರುತ್ತದೆಂದು ಬಾಗಿಲು ಮುಂದೆ ಮಾಡಿದಳು.

ಮುಂದಿನ ಮಳೆಗಾಲಕ್ಕೆ ಬಯಲಿನಲ್ಲಿ ಮೂರು ಮಾಳಿಗೆ ಎದ್ದಿತ್ತು. ಹಳೆಯ ಬಿಲ್ಡಿಂಗುಗಳ ಮೆಟ್ಟಿಲಿಗೆ ಬೋರ್ಡು ಕಟ್ಟಿಗೆಯ ಆಸರೆಗಂಬ ಕೊಟ್ಟಿತು. ರಿಪೇರಿಯ ಹೆಸರಿನಲ್ಲಿ ಬಂದದ್ದು ಅಷ್ಟೇ. ಆಗಸ್ಟ್‌ನಲ್ಲಿ ನಾಲ್ಕನೇ ಬಿಲ್ಡಿಂಗಿನ ಎರಡನೇ ಮಹಡಿಯ ಗ್ಯಾಲರಿಯ ತುಂಡು ಕುಸಿಯಿತು. ಬಟ್ಟೆ ಹರವುತ್ತಿದ್ದ ಸತ್ಯಭಾಮಾ ಅದರೊಡನೆ ಕೆಳಗೆ ಬಂದರು. ಕೆಳಗೆ ಮಳೆಗೆಂದು ಹಾಕಿದ್ದ ತಗಡಿನ ಛಾವಣಿ ಅಡ್ಡ ಸಿಕ್ಕಿ ಜೀವ ಉಳಿಯಿತು, ಬಲತೋಳು ಎರಡು ಕಡೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ರಾಯರು ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಮನೆ ಹಿಡಿದರು. ಹೋಟೆಲಿನ ಮೊದಲ ಇಡ್ಲಿಗೆ ನಸುಕಿನ ಗಾಡಿ ಹಿಡಿಯಬೇಕಾಯಿತು.

ಸಾಮಾನು ಟೆಂಪೋಕ್ಕೆ ಏರುವಾಗ ಗುರುಪಾದಪ್ಪ ಕೆಳಗೆ ನಿಂತಿದ್ದ. ಯಾರೂ ಅವನಿಗೆ ಒಂದು ಪಾತ್ರೆಯನ್ನೂ ಎತ್ತಲು ಕೊಡಲಿಲ್ಲ.

“ರಾಯರ, ನಂದು ತಪ್ಪಾತು.”

“ತಪ್ಪಲ್ಲ ಮಾರಾಯ್ರೆ,” ಎಂದರು ರಾಯರು. “ನೀವು ಹೇಳಿದ್ರಿ, ನಾನು ಕೇಳಿದೆ. ಮಕ್ಕಳ ಹತ್ರ ಕೇಳ್ಬಹುದಿತ್ತು. ಮಕ್ಕಳ ಹತ್ರ ಕೇಳ್ಲಿಕ್ಕೆ ನಾಚಿಕೆ ಆಯ್ತು. ನಿಮ್ಮ ಹತ್ರ ಕೇಳ್ಲಿಕ್ಕೆ ನಾಚಿಕೆ ಆಗ್ಲಿಲ್ಲ.” ಸತ್ಯಭಾಮಾ ಟೆಂಪೋದ ಮುಂದಿನ ಸೀಟಿನಲ್ಲಿ ಬೇರೆ ಕಡೆ ನೋಡುತ್ತ ಕುಳಿತಿದ್ದರು.

ಏಳನೇ ಮಾಳಿಗೆ ಮುಗಿದು ಮನೆಗಳಿಗೆ ಜನ ಬಂದರು. ಗಿರಿಜವ್ವನ ಕಿಟಕಿಗೂ ಹೊಸ ಕಟ್ಟಡದ ಹಿಂಭಾಗಕ್ಕೂ ನಡುವೆ ಉಳಿದದ್ದು ಗಟಾರದಷ್ಟು ಜಾಗ. ನಡುಹಗಲಿನಲ್ಲೂ ಮನೆಯೊಳಗೆ ಬಾವಿಯ ಬೆಳಕು. ಗುರುಪಾದಪ್ಪ ಎರಡು ಟ್ಯೂಬ್‌ಲೈಟು ಹಾಕಿಸಿದ. ಆದರೆ ಡೊಂಬಿವಲಿಯ ಆ ಸಾಲಿನಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಹೊಸ ಕಟ್ಟಡದ್ದು ಬೇರೆ ಲಾಯಿನು, ಅಲ್ಲಿ ಹೋಗುತ್ತಿರಲಿಲ್ಲ. ಎದುರಿನ ಅಡಿಗೆಮನೆಯಲ್ಲಿ ಯಾರೋ ಒಬ್ಬ ಹೆಂಗಸು ಹಗಲೆಲ್ಲ ಬಿಸಿಲಿನಂಥ ಬಿಳಿ ಬೆಳಕಿನ ದೊಡ್ಡ ಲೈಟು ಹಚ್ಚಿ ಕೆಲಸ ಮಾಡುತ್ತಿದ್ದಳು. ಆ ಬೆಳಕು ಎರಡು ಗಜ ದಾಟಿ ಈಚೆ ಮಷೀನಿನ ಮೇಲೆ ಬೀಳುತ್ತಿತ್ತು. ಗಿರಿಜವ್ವ ಅವಳ ಅಡಿಗೆಯ ಹೊತ್ತಿಗೆ ತನ್ನ ಹೊಲಿಗೆಯ ಹೊತ್ತನ್ನು ಹೊಂದಿಸಿಕೊಂಡಳು.

ಒಂದು ಮಧ್ಯಾಹ್ನ ಇತ್ತ ಕರೆಂಟು ಹೋಗಿತ್ತು, ಮರುದಿನದ ಮದುವೆಗೆ ಕೊಡಬೇಕಾದ ಕುಪ್ಪಸ ಸೂಜಿಯ ಕೆಳಗಿತ್ತು. ಎದುರಿನ ಹೆಂಗಸು ಪಾತ್ರೆ ತೊಳೆದಿಟ್ಟು ಲೈಟು ಆರಿಸಿದಳು. ಮಷೀನು ನಿಂತಿತು.

ಮೂಲೆಯಲ್ಲಿ ಕುಳಿತಿದ್ದ ಗುರುಪಾದಪ್ಪ ಎದ್ದ. “ತಡಿ, ನಾ ಕೇಳತೀನಿ. ಒಂದ ತಾಸು ಹಚ್ಚಿಡ್ರಿ ಅಂತ.”

“ನೀವು ಕೇಳಬ್ಯಾಡ್ರಿ,” ಎಂದಳು ಗಿರಿಜವ್ವ. “ಕುಂದರ್ರಿ.”

ಅವಳು ಕತ್ತರಿಯಿಂದ ಕಿಟಕಿಯ ಸರಳಿಗೆ ಮೂರು ಸಲ ಬಡಿದಳು. ಎದುರಿನ ಕಿಟಕಿಯಲ್ಲಿ ಮುಖ ಕಂಡಿತು. ಗಿರಿಜವ್ವ ಕುಪ್ಪಸ ಎತ್ತಿ ತೋರಿಸಿದಳು, ಆಮೇಲೆ ಬೆರಳನ್ನು ಮಾಡಿನಲ್ಲಿ ಆರಿದ್ದ ಟ್ಯೂಬ್‌ಲೈಟಿನ ಕಡೆಗೆ ಎತ್ತಿದಳು.

ಲೈಟು ಹತ್ತಿತು. ಗಿರಿಜವ್ವ ಗಂಡನ ಕಡೆಗೆ ಬೆನ್ನು ಮಾಡಿ ಕುಳಿತು ಸೂಜಿಗೆ ದಾರ ಪೋಣಿಸಿದಳು.